ಡಿಐಪಿಜಿ: ಮಕ್ಕಳ ಮಿದುಳಿನ ಈ ಕ್ಯಾನ್ಸರ್‌ಗೆ ಇನ್ನೂ ಯಾಕೆ ಮದ್ದು ಸಿಕ್ಕಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಿದ್ದೇವೆ.)

ಇವತ್ತಿನ ವಿಷಯ ಭಾರವಾಗಿದೆ, ಮೊದಲೇ ಹೇಳಿಬಿಡ್ತೀನಿ. ಮಕ್ಕಳಿಗೆ ಬರುವ ಒಂದು ಅಪರೂಪದ ಮಿದುಳು ಕ್ಯಾನ್ಸರ್ ಬಗ್ಗೆ ಮಾತಾಡ್ತೀವಿ. ಈಗ ಕೇಳೋ ಮನಸ್ಥಿತಿ ಇಲ್ಲ ಅಂದ್ರೆ ಸೇವ್ ಮಾಡಿಟ್ಕೊಳ್ಳಿ, ಇನ್ನೊಂದು ದಿನ ಬನ್ನಿ. ಏನೂ ತೊಂದರೆ ಇಲ್ಲ.

ಇನ್ನೊಂದು ಮಾತು. ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಇಲ್ಲಿ ಹೇಳೋದು ವಿಷಯ ಅರ್ಥ ಮಾಡಿಕೊಳ್ಳೋಕೆ. ಯಾವ ಮಗುವಿಗೆ ಏನು ಚಿಕಿತ್ಸೆ ಅನ್ನೋದನ್ನ ಆ ಮಗುವಿನ ಡಾಕ್ಟರೇ ಹೇಳಬೇಕು.

ಚಂದ್ರನ ಮೇಲೆ ಕಾಲಿಟ್ಟವರ ಮನೆಯಲ್ಲಿ

ನೀಲ್ ಆರ್ಮ್‌ಸ್ಟ್ರಾಂಗ್ ಹೆಸರು ಯಾರಿಗೆ ಗೊತ್ತಿಲ್ಲ? ಆದರೆ ಅವರಿಗೆ ಕ್ಯಾರೆನ್ ಅಂತ ಒಬ್ಬ ಮಗಳಿದ್ದಳು ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. 2018ರ 'ಫಸ್ಟ್ ಮ್ಯಾನ್' ಸಿನಿಮಾ ನೋಡಿದವರಿಗೆ ನೆನಪಿರಬಹುದು. 1961ರಲ್ಲಿ, ಎರಡು ವರ್ಷದ ಆ ಮಗು ಆಟ ಆಡುವಾಗ ಎಡವಿ ಬಿತ್ತು. ಆಮೇಲೆ ಕಣ್ಣುಗಳು ಓರೆಯಾಗತೊಡಗಿದವು, ನಡಿಗೆ ತಪ್ಪತೊಡಗಿತು. ಪರೀಕ್ಷೆ ಮಾಡಿದಾಗ ಮಿದುಳಿನ ಕಾಂಡದಲ್ಲಿ ಗಡ್ಡೆ ಇರೋದು ಗೊತ್ತಾಯಿತು. ರೇಡಿಯೇಶನ್ ಕೊಟ್ಟರು. ಸ್ವಲ್ಪ ಕಾಲ ಚೇತರಿಸಿಕೊಂಡಳು, ಮತ್ತೆ ನಡೆಯೋಕೂ ಶುರು ಮಾಡಿದಳು. ಆದರೆ 1962ರ ಜನವರಿ 28ರಂದು, ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡಳು.

ಅದಾದ ಏಳು ವರ್ಷಕ್ಕೆ, 1969ರ ಜುಲೈನಲ್ಲಿ, ಅವಳ ಅಪ್ಪ ಚಂದ್ರನ ಮೇಲೆ ನಡೆದರು.

ಈ ಕಥೆಯನ್ನ ಯಾಕೆ ಹೇಳಿದೆ ಅಂದ್ರೆ, ಇವತ್ತು ಅದೇ ಕಾಯಿಲೆ ಒಂದು ಮಗುವಿಗೆ ಬಂದರೆ ಮೊದಲ ಚಿಕಿತ್ಸೆ ಏನು ಗೊತ್ತಾ? ರೇಡಿಯೇಶನ್. ಮೆಷಿನ್ ಎಷ್ಟೋ ಸುಧಾರಿಸಿದೆ, ಸ್ಕ್ಯಾನ್ ಎಷ್ಟೋ ಸ್ಪಷ್ಟವಾಗಿದೆ. ಆದರೆ ಹೆಚ್ಚಿನ ಮಕ್ಕಳ ಪಾಲಿಗೆ ಕೊನೆ ಬದಲಾಗಿಲ್ಲ. ಅರವತ್ತು ವರ್ಷ ದಾಟಿದ ಮೇಲೂ.

ಒಂದು ವಾಯ್ಸ್ ನೋಟ್

ಈ ಸಂಚಿಕೆ ಮಾಡೋಕೆ ಕಾರಣ ನಮ್ಮ ಕೇಳುಗರೊಬ್ಬರ ವಾಯ್ಸ್ ನೋಟ್. ಅವರ ಒಪ್ಪಿಗೆ ಪಡೆದು, ಹೆಸರು ಊರು ಬಿಟ್ಟು ಹೇಳ್ತಿದ್ದೀನಿ. ಅವರ ಅಣ್ಣನ ಮಗನಿಗೆ ಈ ಕಾಯಿಲೆ ಅಂತ ಗೊತ್ತಾಗಿದೆ. ವಯಸ್ಸು ಏಳು. ಅವರು ಕೇಳಿದ್ದು ಇಷ್ಟು: "ಅಣ್ಣಾ, ಆಪರೇಷನ್ ಆಗಲ್ಲ ಅಂದ್ರು. ಯಾಕಾಗಲ್ಲ? ದುಡ್ಡಿದ್ರೆ ಆಗುತ್ತಾ? ನಮ್ಮಣ್ಣ ಮನೆ ಮಾರೋಕೂ ರೆಡಿ ಇದ್ದಾನೆ. ಮಾರ್ಲಾ ಬೇಡ್ವಾ ಅಷ್ಟು ಹೇಳಿ."

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ನಾನು ಯಾರು? ಆದರೆ ಉತ್ತರಕ್ಕೆ ಬೇಕಾದ ವಿಷಯ ಏನೇನಿದೆಯೋ ಅಷ್ಟನ್ನ ಒಂದೊಂದಾಗಿ ಬಿಡಿಸಿ ಇಡಬಹುದು. ಅದೇ ಇವತ್ತಿನ ಸಂಚಿಕೆ.

ಹೆಸರನ್ನ ಬಿಡಿಸಿ ನೋಡೋಣ

ಕಾಯಿಲೆಯ ಹೆಸರು ಡಿಐಪಿಜಿ. ಪೂರ್ತಿ ಹೆಸರು ಡಿಫ್ಯೂಸ್ ಇಂಟ್ರಿನ್ಸಿಕ್ ಪಾಂಟೈನ್ ಗ್ಲಿಯೋಮಾ. ನಾಲಿಗೆ ಹೊರಳದ ಹೆಸರು, ಆದರೆ ಇಡೀ ಸಮಸ್ಯೆ ಈ ನಾಲ್ಕು ಪದದಲ್ಲೇ ಇದೆ.

ಹಿಂದಿನಿಂದ ಶುರು ಮಾಡೋಣ. ಗ್ಲಿಯೋಮಾ ಅಂದ್ರೆ ಮಿದುಳಿನ ಗ್ಲಿಯಾ ಅನ್ನೋ ಕೋಶಗಳ ಜಾತಿಯಿಂದ ಬೆಳೆಯುವ ಗಡ್ಡೆ. ನರಕೋಶಗಳಿಗೆ ಆಸರೆಯಾಗಿ ನಿಂತು, ಅವಕ್ಕೆ ಬೇಕಾದ್ದನ್ನ ನೋಡಿಕೊಳ್ಳೋ ಕೋಶಗಳಿವು.

ಪಾಂಟೈನ್ ಅಂದ್ರೆ 'ಪಾನ್ಸ್' ಅನ್ನೋ ಜಾಗದ್ದು. ಲ್ಯಾಟಿನ್‌ನಲ್ಲಿ ಪಾನ್ಸ್ ಅಂದ್ರೆ ಸೇತುವೆ. ನಿಮ್ಮ ಕತ್ತಿನ ಹಿಂಭಾಗದಲ್ಲಿ, ತಲೆಬುರುಡೆ ಶುರುವಾಗೋ ಕಡೆ ಕೈಯಿಟ್ಟು ನೋಡಿ. ಅದರ ಒಳಗಡೆ, ಮಿದುಳನ್ನೂ ಬೆನ್ನುಹುರಿಯನ್ನೂ ಸೇರಿಸುವ ಕಾಂಡದ ಮಧ್ಯದ ಭಾಗ ಇದು. ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕೈಕಾಲು ಆಡಿಸೋ ಸಂದೇಶಗಳೆಲ್ಲ ಈ ಸೇತುವೆ ದಾಟಿಯೇ ಹೋಗಬೇಕು. ಕಣ್ಣನ್ನ ಪಕ್ಕಕ್ಕೆ ಹೊರಳಿಸೋದು, ಮುಖದ ಸ್ನಾಯು ಅಲ್ಲಾಡಿಸೋದು, ಅಗಿಯೋದು, ಇದಕ್ಕೆಲ್ಲ ಬೇಕಾದ ನರಗಳು ಇಲ್ಲಿಂದ ಹೊರಡುತ್ತವೆ. ಉಸಿರಾಟದ ಲಯವನ್ನ ಹಿಡಿದಿಡೋದರಲ್ಲೂ ಇದರ ಪಾಲಿದೆ.

ಇಂಟ್ರಿನ್ಸಿಕ್ ಅಂದ್ರೆ ಗಡ್ಡೆ ಈ ಸೇತುವೆಯ ಪಕ್ಕದಲ್ಲಿ ಅಂಟಿಕೊಂಡು ಕೂತಿಲ್ಲ, ಅದರ ಒಳಗೇ ಹುಟ್ಟಿದೆ ಅಂತ.

ಡಿಫ್ಯೂಸ್ ಅಂದ್ರೆ ಹರಡಿಕೊಂಡಿರೋದು. ಗಡ್ಡೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಗೋಲಿ ಥರದ ಒಂದು ಉಂಡೆ ಬರುತ್ತೆ. ಇದು ಹಾಗಿಲ್ಲ. ಅಕ್ಕಿಯಲ್ಲಿ ಕಲ್ಲಿದ್ದರೆ ಅಜ್ಜಿ ಮೊರದಲ್ಲಿ ಹಾಕ್ಕೊಂಡು ಆರಿಸಿ ತೆಗೀತಾರೆ. ರಾಗಿ ಹಿಟ್ಟಿಗೆ ಮಣ್ಣು ಬೆರೆತರೆ? ಯಾವುದನ್ನ ಆರಿಸ್ತೀರಿ? ಇಲ್ಲಿ ಕ್ಯಾನ್ಸರ್ ಕೋಶಗಳು ಆರೋಗ್ಯವಂತ ನರಕೋಶಗಳ ಮಧ್ಯೆ ಹೀಗೇ ಬೆರೆತಿರುತ್ತವೆ.

ಆಪರೇಷನ್ ಯಾಕಾಗಲ್ಲ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ತು. ಸರ್ಜನ್ ಕೈಚಳಕ ಕಡಿಮೆ ಅಂತಲೋ, ಆಸ್ಪತ್ರೆ ಚಿಕ್ಕದು ಅಂತಲೋ ಅಲ್ಲ. ಗಡ್ಡೆ ತೆಗೆಯಬೇಕು ಅಂದ್ರೆ ಮಗುವನ್ನ ಬದುಕಿಸಿಟ್ಟಿರೋ ಭಾಗವನ್ನೇ ಅದರ ಜೊತೆ ತೆಗೆಯಬೇಕಾಗುತ್ತೆ. ಬೆಂಗಳೂರಾಗಲಿ, ಬೋಸ್ಟನ್ ಆಗಲಿ, ಈ ಉತ್ತರ ಒಂದೇ.

ಯಾರಿಗೆ ಬರುತ್ತೆ, ಹೇಗೆ ಗೊತ್ತಾಗುತ್ತೆ?

ಹೆಚ್ಚಾಗಿ 5ರಿಂದ 10 ವರ್ಷದ ಮಕ್ಕಳಿಗೆ. ಅಮೆರಿಕದಂಥ ದೊಡ್ಡ ದೇಶದಲ್ಲೂ ವರ್ಷಕ್ಕೆ ಸುಮಾರು 200ರಿಂದ 300 ಮಕ್ಕಳಲ್ಲಿ ಪತ್ತೆಯಾಗುತ್ತೆ. ಅಷ್ಟು ಅಪರೂಪ.

ಲಕ್ಷಣಗಳು ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ತವೆ. ಒಂದು, ಕಣ್ಣು: ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು, ಒಂದು ವಸ್ತು ಎರಡಾಗಿ ಕಾಣೋದು. ಎರಡು, ಮುಖದ ಒಂದು ಪಕ್ಕ ಜೋತುಬೀಳೋದು, ನುಂಗೋಕೆ ಕಷ್ಟ, ಮಾತು ತೊದಲೋದು. ಮೂರು, ನಡೆಯುವಾಗ ತೂರಾಡೋದು, ಒಂದು ಕಡೆ ಕೈಕಾಲಲ್ಲಿ ಬಲ ಕಡಿಮೆ ಆಗೋದು. ಕೆಲವರಿಗೆ ತಲೆನೋವು, ವಾಂತಿ.

ಇದನ್ನ ಕೇಳಿ ಮನೆಯಲ್ಲಿರೋ ಪುಟಾಣಿಗಳ ಕಣ್ಣನ್ನ ಟಾರ್ಚ್ ಹಾಕಿ ನೋಡೋಕೆ ಹೋಗಬೇಡಿ. ಮೆಳ್ಳೆಗಣ್ಣಿರುವ ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಇರೋದಿಲ್ಲ. ಆದರೆ ಮೊದಲು ಇಲ್ಲದ್ದು ಈಗ ಹೊಸದಾಗಿ ಬಂದಿದೆ, ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ, ಮೇಲೆ ಹೇಳಿದ ಎರಡು ಮೂರು ಒಟ್ಟಿಗೆ ಕಾಣ್ತಿವೆ ಅಂದ್ರೆ 'ದೃಷ್ಟಿ ತಾಗಿರಬೇಕು' ಅಂತ ಕೂರದೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಎಂಆರ್‌ಐ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತೆ.

ಕೀಮೋ ಯಾಕೆ ಕೆಲಸ ಮಾಡಲ್ಲ?

ನಮ್ಮ ಮಿದುಳಿಗೆ ಒಂದು ಕಾವಲಿದೆ. ಇಂಗ್ಲಿಷ್‌ನಲ್ಲಿ ಬ್ಲಡ್-ಬ್ರೈನ್ ಬ್ಯಾರಿಯರ್ ಅಂತಾರೆ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಅಪಾರ್ಟ್‌ಮೆಂಟ್ ಗೇಟ್‌ನಲ್ಲಿ ಸೆಕ್ಯುರಿಟಿ ಅಂಕಲ್ ಇರ್ತಾರಲ್ಲ, ಹಾಗೆ. ರಕ್ತದಲ್ಲಿ ಬರೋ ವಿಷ, ಸೋಂಕು ಒಳಗೆ ಬರದ ಹಾಗೆ ಮಿದುಳಿನ ರಕ್ತನಾಳಗಳ ಗೋಡೆಯೇ ತಡೆಯುತ್ತೆ. ಒಳ್ಳೆಯ ವ್ಯವಸ್ಥೆ. ಆದರೆ ಔಷಧಿ ಬಂದರೂ ಗೇಟ್‌ನಲ್ಲೇ ನಿಲ್ಲಿಸುತ್ತೆ. ಬೇರೆ ಎಷ್ಟೋ ಮಿದುಳು ಗಡ್ಡೆಗಳಲ್ಲಿ ಈ ಗೋಡೆ ಗಡ್ಡೆಯ ಹತ್ತಿರ ಸಡಿಲವಾಗಿರುತ್ತೆ. ಡಿಐಪಿಜಿಯಲ್ಲಿ ಬಹಳಷ್ಟು ಕಡೆ ಗಟ್ಟಿಯಾಗೇ ಉಳಿದಿರುತ್ತೆ. ಹೀಗಾಗಿ ದಶಕಗಳಿಂದ ಒಂದಾದ ಮೇಲೊಂದು ಕೀಮೋ ಔಷಧಿಯ ಪ್ರಯೋಗ ನಡೆದರೂ, ರೇಡಿಯೇಶನ್‌ಗಿಂತ ಹೆಚ್ಚು ಆಯಸ್ಸು ಕೊಡುತ್ತೆ ಅಂತ ಯಾವ ಕೀಮೋನೂ ಸಾಬೀತು ಮಾಡಲಿಲ್ಲ.

ಉಳಿಯೋದು ರೇಡಿಯೇಶನ್. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ. ಬಹುಪಾಲು ಮಕ್ಕಳು ಇದರಿಂದ ಸುಧಾರಿಸಿಕೊಳ್ತಾರೆ. ತೂರಾಡ್ತಿದ್ದ ಮಗು ಓಡುತ್ತೆ, ಸ್ಕೂಲಿಗೆ ಹೋಗುತ್ತೆ. ಮನೆಯವರಿಗೆ 'ವಾಸಿ ಆಗೋಯ್ತು' ಅನ್ನಿಸುವಷ್ಟು. ಆದರೆ ಕೆಲವು ತಿಂಗಳಲ್ಲಿ ಗಡ್ಡೆ ಮತ್ತೆ ಬೆಳೆಯೋಕೆ ಶುರುವಾಗುತ್ತೆ. ಊತ ಇಳಿಸೋಕೆ ಸ್ಟೀರಾಯ್ಡ್ ಕೊಡ್ತಾರೆ, ಅದರಿಂದ ಮಗುವಿನ ಮುಖ ಉಬ್ಬುತ್ತೆ, ಹಸಿವು ಹೆಚ್ಚುತ್ತೆ, ಸಿಟ್ಟು ಬರುತ್ತೆ. ನೋಡೋಕೆ ಬಂದ ನೆಂಟರು 'ಗುಂಡಗುಂಡಗೆ ಆಗಿದ್ದಾನೆ, ಚೆನ್ನಾಗಿದ್ದಾನೆ' ಅಂತಾರೆ. ಅಪ್ಪ ಅಮ್ಮನಿಗೆ ಮಾತ್ರ ಅದು ಔಷಧಿಯ ಪರಿಣಾಮ ಅಂತ ಗೊತ್ತಿರುತ್ತೆ.

ಅಂಕಿಅಂಶ ಹೇಳಲೇಬೇಕು. ಕಾಯಿಲೆ ಗೊತ್ತಾದ ಮೇಲೆ ಅರ್ಧದಷ್ಟು ಮಕ್ಕಳು ಒಂದು ವರ್ಷ ತುಂಬುವುದರೊಳಗೇ ತೀರಿಕೊಳ್ತಾರೆ. ಎರಡು ವರ್ಷ ದಾಟೋರು ಸುಮಾರು ನೂರಕ್ಕೆ ಹತ್ತು. ಐದು ವರ್ಷ ದಾಟೋರು ಬೆರಳೆಣಿಕೆ.

ಯಾರ ತಪ್ಪು?

ಇದನ್ನ ಬೇರೆ ಮಾಡಿ ಹೇಳ್ತೀನಿ, ಯಾಕಂದ್ರೆ ನಮ್ಮ ಮನೆಗಳಲ್ಲಿ ಮೊದಲು ಬರೋ ಪ್ರಶ್ನೆ ಇದೇ. ಬಸುರಿಯಲ್ಲಿ ಏನು ತಿಂದಳು? ಮೊಬೈಲ್ ಜಾಸ್ತಿ ಕೊಟ್ಟರಾ? ಯಾವುದೋ ಇಂಜೆಕ್ಷನ್ ಹಾಕಿಸಿದ್ದಕ್ಕಾ? ಬಿದ್ದಾಗ ತಲೆಗೆ ಏಟಾಗಿದ್ದಕ್ಕಾ?

ಇದ್ಯಾವುದೂ ಈ ಕಾಯಿಲೆಗೆ ಕಾರಣ ಅಂತ ಸಾಬೀತಾಗಿಲ್ಲ. ಸಾಮಾನ್ಯವಾಗಿ ಇದು ಅಪ್ಪ ಅಮ್ಮನಿಂದ ವಂಶಪಾರಂಪರ್ಯವಾಗಿ ಬರುವಂಥದ್ದೂ ಅಲ್ಲ. ಮಗುವಿನ ಮಿದುಳು ಬೆಳೆಯುವಾಗ ಒಂದು ಕೋಶದಲ್ಲಿ ಆಗುವ ತಪ್ಪು ಇದು. ಬಿದ್ದಿದ್ದರಿಂದ ಗಡ್ಡೆ ಬಂತು ಅನ್ನೋದಕ್ಕಿಂತ, ಗಡ್ಡೆ ಇದ್ದಿದ್ದರಿಂದ ತೂಕ ತಪ್ಪಿ ಬಿದ್ದಿರೋ ಸಾಧ್ಯತೆಯೇ ಹೆಚ್ಚು. ಇಂಥ ಮನೆಗೆ ಹೋದಾಗ ಅಮ್ಮನನ್ನ ಈ ಪ್ರಶ್ನೆಗಳಿಂದ ಚುಚ್ಚಬೇಡಿ, ಪ್ಲೀಸ್.

ನೋಡದೆ ಹುಡುಕಿದ ವರ್ಷಗಳು

ಈಗ ಸಂಶೋಧನೆಯ ವಿಷಯಕ್ಕೆ ಬರೋಣ. ಯಾವ ಕ್ಯಾನ್ಸರ್ ಆದರೂ ಮೊದಲು ಅದರ ಒಂದು ಚೂರು ತೆಗೆದು ಪರೀಕ್ಷೆ ಮಾಡ್ತಾರೆ, ಬಯಾಪ್ಸಿ. ಡಿಐಪಿಜಿಯಲ್ಲಿ ಬಹಳ ವರ್ಷ ಅದನ್ನ ಮಾಡ್ತಿರಲಿಲ್ಲ. ಕಾರಣ ಸರಳ. ಸೂಜಿ ಹಾಕೋ ಜಾಗವೇ ಅಪಾಯದ್ದು, ಎಂಆರ್‌ಐ ನೋಡಿದರೇ ಕಾಯಿಲೆ ಗೊತ್ತಾಗುತ್ತೆ, ಗೊತ್ತಾದರೂ ಕೊಡೋಕೆ ಬೇರೆ ಔಷಧಿ ಇಲ್ಲ. ಹಾಗಿದ್ದ ಮೇಲೆ ಮಗುವಿಗೆ ಯಾಕೆ ತೊಂದರೆ ಕೊಡಬೇಕು? ಒಂದೊಂದು ಮಗುವಿನ ಮಟ್ಟಿಗೆ ಈ ತೀರ್ಮಾನ ಸರಿಯಾಗೇ ಇತ್ತು. ಆದರೆ ಎಲ್ಲ ಮಕ್ಕಳ ಲೆಕ್ಕ ಒಟ್ಟು ಸೇರಿಸಿದಾಗ ಆಗಿದ್ದೇನು? ಲ್ಯಾಬ್‌ನಲ್ಲಿ ಇಟ್ಟು ನೋಡೋಕೆ ಗಡ್ಡೆಯ ತುಣುಕೇ ಇರಲಿಲ್ಲ. ದೊಡ್ಡವರ ಮಿದುಳು ಕ್ಯಾನ್ಸರ್‌ಗೆ ಕೊಡ್ತಿದ್ದ ಔಷಧಿಗಳನ್ನೇ ಇವರಿಗೂ ಕೊಟ್ಟು ನೋಡ್ತಿದ್ದರು. ಕಾಯಿಲೆಯೇ ಬೇರೆ ಅಂತ ಗೊತ್ತಾಗಿದ್ದು ಆಮೇಲೆ.

ಎರಡು ಬದಲಾವಣೆ ಆದವು. ಒಂದು, ಪ್ಯಾರಿಸ್‌ನ ನೆಕೇರ್ ಮಕ್ಕಳ ಆಸ್ಪತ್ರೆಯ ತಂಡ 2007ರಲ್ಲಿ 24 ಮಕ್ಕಳ ಅನುಭವ ಪ್ರಕಟಿಸಿ, ಕಂಪ್ಯೂಟರ್ ಸಹಾಯದಿಂದ ನಿಖರವಾಗಿ ಸೂಜಿ ಹಾಕಿ ಬಯಾಪ್ಸಿ ಮಾಡೋದು ಸುರಕ್ಷಿತವಾಗೇ ಸಾಧ್ಯ ಅಂತ ತೋರಿಸಿತು. ಎರಡನೆಯದು ಕೇಳೋಕೆ ಕಷ್ಟ. ಮಕ್ಕಳನ್ನ ಕಳೆದುಕೊಂಡ ಅಪ್ಪ ಅಮ್ಮಂದಿರು, ಸಾವಿನ ನಂತರ ಆ ಗಡ್ಡೆಯನ್ನ ಸಂಶೋಧನೆಗೆ ದಾನ ಕೊಡೋಕೆ ಮುಂದೆ ಬಂದರು. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಮಿಶೆಲ್ ಮಾಂಜಿ ಅವರ ತಂಡ, ಹೀಗೆ ದಾನವಾಗಿ ಬಂದ ಗಡ್ಡೆಯ ಕೋಶಗಳನ್ನ ಲ್ಯಾಬ್‌ನಲ್ಲಿ ಜೀವಂತವಾಗಿ ಬೆಳೆಸಿ 2011ರಲ್ಲಿ ಪ್ರಕಟಿಸಿತು. ಅಂಥ ಕೋಶಗಳು ಇದ್ದರೆ ಔಷಧಿಯನ್ನ ಮೊದಲು ಅವುಗಳ ಮೇಲೆ ಪರೀಕ್ಷಿಸಬಹುದು.

ಮರುವರ್ಷವೇ, 2012ರಲ್ಲಿ, ದೊಡ್ಡ ಸುಳಿವು ಸಿಕ್ಕಿತು. ನಮ್ಮ ಪ್ರತಿ ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇರುತ್ತೆ. ಅದು ಹಿಸ್ಟೋನ್ ಅನ್ನೋ ಪ್ರೋಟೀನ್‌ಗಳ ಮೇಲೆ, ರೀಲಿಗೆ ದಾರ ಸುತ್ತಿದ ಹಾಗೆ ಸುತ್ತಿಕೊಂಡಿರುತ್ತೆ. ಯಾವ ಜೀನ್ ತೆರೆದಿರಬೇಕು, ಯಾವುದಕ್ಕೆ ಬೀಗ ಬಿದ್ದಿರಬೇಕು ಅನ್ನೋದು ಈ ರೀಲಿನ ಮೇಲಿರೋ ಗುರುತುಗಳಿಂದ ತೀರ್ಮಾನ ಆಗುತ್ತೆ. ಡಿಐಪಿಜಿ ಇರುವ ಸುಮಾರು ನೂರಕ್ಕೆ ಎಂಬತ್ತು ಮಕ್ಕಳಲ್ಲಿ, ಹಿಸ್ಟೋನ್ ಎಚ್3 ಅನ್ನೋ ಪ್ರೋಟೀನಿನ 27ನೇ ಜಾಗದಲ್ಲಿ ಇರಬೇಕಾದ ಲೈಸಿನ್ ಬದಲು ಮೆಥಿಯೋನಿನ್ ಬಂದು ಕೂತಿದೆ. ಒಂದೇ ಒಂದು ಅಕ್ಷರದೋಷ ಅಂದ್ಕೊಳ್ಳಿ. ಇದನ್ನ ಎಚ್3 ಕೆ27ಎಂ ಅಂತಾರೆ. ಇದರಿಂದ ಬೀಗ ಹಾಕುವ ವ್ಯವಸ್ಥೆಯೇ ಕೆಟ್ಟು, ಮಗು ಬೆಳೆಯುವಾಗ ಮುಚ್ಚಬೇಕಾದ ಜೀನ್‌ಗಳು ತೆರೆದೇ ಉಳಿಯುತ್ತವೆ. ಕೋಶ ಬಲಿಯದೆ ಬರೀ ಹೆಚ್ಚುತ್ತಾ ಹೋಗುತ್ತೆ.

ಇದು ಎಷ್ಟು ಮುಖ್ಯ ಆಯಿತು ಅಂದ್ರೆ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಿದುಳು ಗಡ್ಡೆಗಳ ವರ್ಗೀಕರಣದಲ್ಲಿ ಈ ಬದಲಾವಣೆ ಇರುವ ಗಡ್ಡೆಗಳಿಗೆ ಡಿಫ್ಯೂಸ್ ಮಿಡ್‌ಲೈನ್ ಗ್ಲಿಯೋಮಾ ಅಂತ ಪ್ರತ್ಯೇಕ ಹೆಸರು ಕೊಟ್ಟಿತು.

2019ರಲ್ಲಿ ಇನ್ನೊಂದು ವಿಚಿತ್ರ ಗೊತ್ತಾಯಿತು. ಈ ಥರದ ಕ್ಯಾನ್ಸರ್ ಕೋಶಗಳು ಪಕ್ಕದ ನರಕೋಶಗಳ ಜೊತೆ ನಿಜವಾದ ವಿದ್ಯುತ್ ಸಂಪರ್ಕವನ್ನೇ ಮಾಡಿಕೊಳ್ತವೆ. ಬೀದಿ ಕಂಬಕ್ಕೆ ವೈರ್ ಹಾಕಿ ಕರೆಂಟ್ ಎಳೆದ ಹಾಗೆ, ಮಿದುಳಿನ ಚಟುವಟಿಕೆಯಿಂದಲೇ ಬೆಳೆಯೋಕೆ ಪ್ರಚೋದನೆ ಪಡೀತವೆ. ಈ ವೈರನ್ನ ಕತ್ತರಿಸಬಹುದಾ ಅನ್ನೋದು ಈಗ ಸಂಶೋಧಕರ ಮುಂದಿರೋ ಒಂದು ದಾರಿ.

ಈಗ ನನ್ನ ಸಬ್ಜೆಕ್ಟ್: ಲೆಕ್ಕ

ಇಷ್ಟು ಗೊತ್ತಾಗೋಕೆ 2012ರ ತನಕ ಯಾಕೆ ಬೇಕಾಯ್ತು? ಕಾಮರ್ಸ್ ಓದಿದವರಿಗೆ ಇದರ ಒಂದು ಭಾಗ ಬೇಗ ಅರ್ಥ ಆಗುತ್ತೆ.

ಹೊಸ ಔಷಧಿ ಮಾಡೋ ಖರ್ಚಲ್ಲಿ ಬಹುಪಾಲು ಫಿಕ್ಸೆಡ್ ಕಾಸ್ಟ್. ಕೊಳ್ಳೋರು ನೂರು ಜನ ಇದ್ದರೂ, ಲಕ್ಷ ಜನ ಇದ್ದರೂ ಸಂಶೋಧನೆ, ಪ್ರಯೋಗ, ಅನುಮತಿಯ ಖರ್ಚು ಅಷ್ಟೇ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತೆ. ಡಿಐಪಿಜಿ ಹೆಚ್ಚೆಂದರೆ 300 ಮಕ್ಕಳಲ್ಲಿ. ಸಾವಿರಕ್ಕೆ ಒಂದು. ಬ್ರೇಕ್ ಈವನ್ ಲೆಕ್ಕ ಹಾಕೋ ಯಾವ ಕಂಪನಿ ಯಾವ ಕಡೆ ಹೋಗುತ್ತೆ? ಅಲ್ಲಿ ಯಾರೋ ವಿಲನ್ ಕೂತಿದ್ದಾನೆ ಅಂತ ನನಗನ್ನಿಸಲ್ಲ. ಮಾರುಕಟ್ಟೆ ತನ್ನ ಪಾಡಿಗೆ ಬಿಟ್ಟರೆ ಹೀಗೇ ನಡೆಯುತ್ತೆ. ಅದಕ್ಕೇ ಸರ್ಕಾರ ಕೈ ಹಾಕಬೇಕಾಗುತ್ತೆ.

ಅಮೆರಿಕ 2012ರಲ್ಲಿ ಒಂದು ಉಪಾಯ ಮಾಡಿತು. ಮಕ್ಕಳ ಅಪರೂಪದ ಕಾಯಿಲೆಗೆ ಔಷಧಿ ತಂದ ಕಂಪನಿಗೆ ಒಂದು ವೋಚರ್. ಅದಿದ್ದರೆ ಬೇರೆ ಯಾವುದೋ ಔಷಧಿಯ ಅನುಮತಿ ಅರ್ಜಿಯನ್ನ ಕ್ಯೂ ಬಿಟ್ಟು ಬೇಗ ನೋಡ್ತಾರೆ. ಮಜಾ ಏನಂದ್ರೆ ಈ ವೋಚರನ್ನ ಮಾರಬಹುದು. 2015ರಲ್ಲಿ ಅನುಮತಿ ಸಿಕ್ಕ, ನ್ಯೂರೋಬ್ಲಾಸ್ಟೋಮಾ ಅನ್ನೋ ಮಕ್ಕಳ ಕ್ಯಾನ್ಸರ್‌ನ ಔಷಧಿ ಯೂನಿಟಕ್ಸಿನ್‌ಗೆ ಬಂದ ವೋಚರ್ ಅದೇ ವರ್ಷ 35 ಕೋಟಿ ಡಾಲರ್‌ಗೆ ಮಾರಾಟವಾಯಿತು. ಔಷಧಿ ಮಾರಿ ಬರದ ದುಡ್ಡು ವೋಚರ್ ಮಾರಿ ಬಂತು. 2017ರಲ್ಲಿ ಇನ್ನೊಂದು ಕಾನೂನು ಬಂತು. ದೊಡ್ಡವರ ಕ್ಯಾನ್ಸರ್‌ಗೆ ಮಾಡಿದ ಔಷಧಿಯ ಗುರಿ ಮಕ್ಕಳ ಕ್ಯಾನ್ಸರ್‌ನಲ್ಲೂ ಇದ್ದರೆ, ಮಕ್ಕಳಿಗೂ ಅದು ಆಗುತ್ತಾ ಅಂತ ಕಂಪನಿ ಪರೀಕ್ಷಿಸಲೇಬೇಕು.

ಇದರ ಜೊತೆಗೆ ಅಪ್ಪ ಅಮ್ಮಂದಿರ ದುಡ್ಡು. ಅಮೆರಿಕದ ಸಿನ್ಸಿನಾಟಿಯಲ್ಲಿ ಆರು ವರ್ಷದ ಮಗಳನ್ನ ಈ ಕಾಯಿಲೆಯಿಂದ ಕಳೆದುಕೊಂಡ ದಂಪತಿ 2007ರಲ್ಲಿ 'ದಿ ಕ್ಯೂರ್ ಸ್ಟಾರ್ಟ್ಸ್ ನೌ' ಅನ್ನೋ ಸಂಸ್ಥೆ ಶುರು ಮಾಡಿದರು. 2012ರಲ್ಲಿ ಅದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಅಂತಾರಾಷ್ಟ್ರೀಯ ಡಿಐಪಿಜಿ ರಿಜಿಸ್ಟ್ರಿ ಶುರುವಾಯಿತು. ಬೇರೆ ಬೇರೆ ದೇಶದ ಮಕ್ಕಳ ಸ್ಕ್ಯಾನ್, ಚಿಕಿತ್ಸೆಯ ವಿವರ ಒಂದೇ ಕಡೆ. ಅಪರೂಪದ ಕಾಯಿಲೆಗೆ ಇದು ಬೇಕೇ ಬೇಕು. ಒಂದು ಆಸ್ಪತ್ರೆಗೆ ವರ್ಷಕ್ಕೆ ಇಬ್ಬರೋ ಮೂವರೋ ಬಂದರೆ ಅದರಿಂದ ಏನೂ ತೀರ್ಮಾನ ಮಾಡೋಕೆ ಆಗಲ್ಲ.

ಹೊಸದಾಗಿ ಏನಿದೆ?

ಮೂರು ವಿಷಯ ಹೇಳ್ತೀನಿ.

ಮೊದಲನೆಯದು ಕಾರ್-ಟಿ. ಮಗುವಿನ ರಕ್ತದಿಂದ ರೋಗನಿರೋಧಕ ಟಿ ಕೋಶಗಳನ್ನ ತೆಗೆದು, ಕ್ಯಾನ್ಸರ್ ಕೋಶವನ್ನ ಗುರುತು ಹಿಡಿಯೋ ಹಾಗೆ ಲ್ಯಾಬ್‌ನಲ್ಲಿ ಬದಲಾಯಿಸಿ, ವಾಪಸ್ ಕೊಡೋದು. ಡಿಐಪಿಜಿ ಕೋಶಗಳ ಮೇಲೆ ಜಿಡಿ2 ಅನ್ನೋ ಗುರುತು ತುಂಬಾ ಇರುತ್ತೆ. ಯೂನಿಟಕ್ಸಿನ್ ಹಿಡಿಯೋದೂ ಇದೇ ಗುರುತನ್ನ. ಸ್ಟ್ಯಾನ್‌ಫೋರ್ಡ್‌ನಲ್ಲಿ ನಡೆದ ಪ್ರಯೋಗದ ಫಲಿತಾಂಶ 2024ರ ನವೆಂಬರ್‌ನಲ್ಲಿ ಬಂತು. ಚಿಕಿತ್ಸೆ ಪಡೆದ 11 ಜನರಲ್ಲಿ 9 ಜನಕ್ಕೆ ಏನಾದರೊಂದು ಪ್ರಯೋಜನ ಕಂಡಿತು. ನಾಲ್ವರಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಅದರಲ್ಲಿ ಒಬ್ಬರಲ್ಲಿ ಸ್ಕ್ಯಾನ್‌ನಲ್ಲಿ ಕಾಣದಷ್ಟು ಮಾಯವಾಯಿತು. ಆದರೆ ಇದು 11 ಜನರ ಮೊದಲ ಹಂತದ ಪ್ರಯೋಗ. ಮಿದುಳಲ್ಲಿ ಊತ ಬರುವ ಅಪಾಯ ಇದೆ, ತೀವ್ರ ನಿಗಾ ಬೇಕು.

ಎರಡನೆಯದು ಡಾರ್ಡಾವಿಪ್ರೋನ್ ಅನ್ನೋ ಕ್ಯಾಪ್ಸೂಲ್. 2025ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಷರತ್ತಿನ ಅನುಮತಿ ಕೊಟ್ಟಿತು. ಎಚ್3 ಕೆ27ಎಂ ಇರುವ ಗಡ್ಡೆ, ಚಿಕಿತ್ಸೆಯ ನಂತರವೂ ಬೆಳೆದಿದ್ದರೆ ಕೊಡಬಹುದು. ಲೆಕ್ಕಕ್ಕೆ ತೆಗೆದುಕೊಂಡ 50 ರೋಗಿಗಳಲ್ಲಿ ನೂರಕ್ಕೆ 22ರಷ್ಟು ಜನರ ಗಡ್ಡೆ ಕುಗ್ಗಿತು. ಇಲ್ಲಿ ಒಂದು ಸಣ್ಣಕ್ಷರದ ಸಾಲಿದೆ, ಯೂಟ್ಯೂಬ್ ಥಂಬ್‌ನೇಲ್‌ಗಳಲ್ಲಿ ಅದು ಬರಲ್ಲ. ಆ 50 ಜನ ಮಿದುಳಿನ ಬೇರೆ ಮಧ್ಯಭಾಗಗಳ ಗಡ್ಡೆ ಇದ್ದವರು, ಡಿಐಪಿಜಿಯವರನ್ನ ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ.

ಮೂರನೆಯದು ಬೆಲ್ಜಿಯಂನ ಒಬ್ಬ ಹುಡುಗ. ಫ್ರಾನ್ಸ್‌ನಲ್ಲಿ ನಡೆದ ಬಯೋಮೀಡ್ ಅನ್ನೋ ಪ್ರಯೋಗದಲ್ಲಿ ಎವರೋಲಿಮಸ್ ಅನ್ನೋ ಔಷಧಿ ಪಡೆದ ಅವನ ಗಡ್ಡೆ ಪೂರ್ತಿ ಹೋಯಿತು ಅಂತ 2024ರಲ್ಲಿ ಸುದ್ದಿಯಾಯಿತು. ಹಾಗಾದರೆ ಎಲ್ಲರಿಗೂ ಅದೇ ಔಷಧಿ ಕೊಡಬಾರದಾ? ಅದೇ ಔಷಧಿ ಪಡೆದ ಬೇರೆ ಮಕ್ಕಳಿಗೆ ಹಾಗಾಗಲಿಲ್ಲ. ಅವನ ಗಡ್ಡೆಯಲ್ಲಿ ಇದ್ದ ಅಪರೂಪದ ಬದಲಾವಣೆಯೇ ಕಾರಣ ಇರಬಹುದು ಅಂತ ವೈದ್ಯರು ನಂಬಿದ್ದಾರೆ. ಆ ಬದಲಾವಣೆಯನ್ನ ಲ್ಯಾಬ್‌ನಲ್ಲಿ ಮರುಸೃಷ್ಟಿಸಿ ಅರ್ಥ ಮಾಡ್ಕೊಳ್ಳೋ ಕೆಲಸ ನಡೀತಿದೆ.

ಇಷ್ಟು ಸಣ್ಣ ಗೆಲುವಿಗೆ ಬೆಲೆ ಇದೆಯಾ?

ಇದೆ ಅಂತ ಹೇಳೋಕೆ ನನ್ನ ಹತ್ರ ಒಂದು ಹಳೆಯ ಸಾಕ್ಷಿ ಇದೆ. 1940ರ ದಶಕದಲ್ಲಿ ಮಕ್ಕಳ ರಕ್ತ ಕ್ಯಾನ್ಸರ್, ಅಂದ್ರೆ ಲ್ಯುಕೇಮಿಯಾ, ಹೀಗೇ ಇತ್ತು. ಮದ್ದಿಲ್ಲ, ವಾರಗಳಲ್ಲೋ ತಿಂಗಳುಗಳಲ್ಲೋ ಸಾವು. 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ಅನ್ನೋ ಡಾಕ್ಟರ್, 16 ಮಕ್ಕಳಿಗೆ ಅಮಿನಾಪ್ಟೆರಿನ್ ಅನ್ನೋ ಔಷಧಿ ಕೊಟ್ಟು ನೋಡಿದ್ದಾಗಿ ಪ್ರಕಟಿಸಿದರು. 10 ಮಕ್ಕಳು ಸುಧಾರಿಸಿಕೊಂಡರು. ಆದರೆ ತಾತ್ಕಾಲಿಕವಾಗಿ, ಕಾಯಿಲೆ ವಾಪಸ್ ಬಂತು. ಆ ಔಷಧಿ ತಯಾರಾಗಿದ್ದು ಎಲ್ಲಪ್ರಗಡ ಸುಬ್ಬರಾವ್ ಅವರ ತಂಡದಿಂದ. ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿಜ್ಞಾನಿ.

'ಬರೀ ಕೆಲವು ತಿಂಗಳ ಲಾಭ' ಅಂತ ಅಲ್ಲಿಗೆ ಬಿಟ್ಟಿದ್ದರೆ? ಬಿಡಲಿಲ್ಲ. ಒಂದು ಔಷಧಿಗೆ ಇನ್ನೊಂದು ಸೇರಿಸಿದರು, ಒಂದು ಪ್ರಯೋಗದ ಮೇಲೆ ಇನ್ನೊಂದು ಮಾಡಿದರು. ಇವತ್ತು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಮಕ್ಕಳ ಸಾಮಾನ್ಯ ಲ್ಯುಕೇಮಿಯಾದಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುತ್ತಾರೆ. ಆ 16 ಮಕ್ಕಳಿಗೆ ಅದರ ಲಾಭ ಸಿಗಲಿಲ್ಲ. ಅವರ ನಂತರ ಬಂದವರಿಗೆ ಸಿಕ್ಕಿತು.

ನಮ್ಮ ಕಡೆ?

ನಮ್ಮಲ್ಲಿ ಏನೂ ಇಲ್ಲ ಅನ್ನಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಅಂಗಾಂಶದ ಬ್ಯಾಂಕ್ ಇದೆ. ಸಂಶೋಧನೆಗೆ ಮಿದುಳು ದಾನ ಅನ್ನೋದು ನಮ್ಮ ಊರಲ್ಲೇ ಇರೋ ವಿಷಯ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಕೆಲಸವನ್ನ ನಡೆಸೋ ಕೇಂದ್ರ ಇರೋದೂ ಬೆಂಗಳೂರಲ್ಲೇ. ಕಾರ್-ಟಿ ವಿಷಯದಲ್ಲಿ, ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿದೆ. ಅದು ಕೆಲವು ರಕ್ತ ಕ್ಯಾನ್ಸರ್‌ಗಳಿಗೆ, ಡಿಐಪಿಜಿಗಲ್ಲ. ಆದರೆ ಟಿ ಕೋಶ ಬದಲಾಯಿಸೋ ವಿದ್ಯೆ ದೇಶಕ್ಕೆ ಬಂದಿದೆ. ಇಷ್ಟು ದೊಡ್ಡ ಜನಸಂಖ್ಯೆಯಲ್ಲಿ ಮಕ್ಕಳೂ ಹೆಚ್ಚು, ಹಾಗಾಗಿ ಅಪರೂಪದ ಕಾಯಿಲೆಯೂ ಎಣಿಕೆಯಲ್ಲಿ ಕಡಿಮೆ ಇರಲಾರದು. ಪ್ರತಿ ಮಗುವಿನ ಸ್ಕ್ಯಾನ್, ಬಯಾಪ್ಸಿ, ಚಿಕಿತ್ಸೆಯ ವಿವರ ಒಂದು ಕಡೆ ಸೇರಿದರೆ ಅದರಿಂದ ಕಲಿಯೋದು ಬಹಳ ಇದೆ.

ಮನೆ ಮಾರಬೇಕಾ?

ವಾಯ್ಸ್ ನೋಟ್ ಕಳಿಸಿದ ತಮ್ಮನಿಗೆ ನಾನು ಹೇಳಿದ್ದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಡಾಕ್ಟರ್ ಹತ್ರ ಮೂರು ಪ್ರಶ್ನೆ ಕೇಳಿ. ಬಯಾಪ್ಸಿ ಮಾಡಿ ಎಚ್3 ಬದಲಾವಣೆ ಇದೆಯಾ ನೋಡೋಕೆ ಸಾಧ್ಯನಾ? ಈ ಮಗುವಿಗೆ ಹೊಂದುವ ಕ್ಲಿನಿಕಲ್ ಟ್ರಯಲ್ ಎಲ್ಲಾದರೂ ಇದೆಯಾ? ಪ್ಯಾಲಿಯೇಟಿವ್ ಕೇರ್ ತಂಡ ಇದೆಯಾ? ಈ ಮೂರನೆಯದನ್ನ ಕೊನೆಗೆ ಅಂತ ಇಟ್ಕೋಬೇಡಿ. ಅದು 'ಕೈ ಬಿಟ್ಟರು' ಅಂತಲ್ಲ. ನೋವು, ವಾಂತಿ, ನುಂಗೋ ಕಷ್ಟ, ನಿದ್ದೆ, ಮನೆಯವರ ಮನಸ್ಸು, ಇದನ್ನೆಲ್ಲ ನೋಡ್ಕೊಳ್ಳೋ ಡಾಕ್ಟರ್‌ಗಳು ಅವರು. ಮೊದಲ ದಿನದಿಂದಲೇ ಜೊತೆಗಿದ್ದರೆ ಮಗುವಿಗೆ ಒಳ್ಳೇದು.

ಯಾರಾದರೂ 'ಟ್ರಯಲ್ ಇದೆ, ಇಷ್ಟು ಲಕ್ಷ ಕಟ್ಟಿ' ಅಂದರೆ ನಿಲ್ಲಿ. ಭಾರತದ ಪ್ರಯೋಗಗಳು ಸಿಟಿಆರ್‌ಐ ಅನ್ನೋ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೋಂದಣಿ ಆಗಿರಬೇಕು. ಫೋನಲ್ಲೇ ಹುಡುಕಬಹುದು. ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ತಗೊಳ್ಳಲ್ಲ. 'ಗ್ಯಾರಂಟಿ ವಾಸಿ' ಅನ್ನೋ ಮಾತು ಯಾರ ಬಾಯಿಂದ ಬಂದರೂ, ಅವರು ಕೋಟು ಹಾಕಿರಲಿ ಕಾವಿ ಹಾಕಿರಲಿ, ಅಲ್ಲಿಂದ ಎದ್ದು ಬನ್ನಿ. ನೋಂದಣಿಯಾದ ಪ್ರಯೋಗಕ್ಕೆ ಹೋಗೋಕೆ ಪ್ರಯಾಣ, ವಾಸ್ತವ್ಯದ ಖರ್ಚಿರುತ್ತೆ, ಅದು ಬೇರೆ ಲೆಕ್ಕ. ಅದನ್ನ ಡಾಕ್ಟರ್ ಜೊತೆ ಕೂತು ಮಾಡಿ.

ಇನ್ನು ಮನೆ. ಇವತ್ತು ಗಡ್ಡೆಯನ್ನ ಖಂಡಿತ ವಾಸಿ ಮಾಡುವ ಚಿಕಿತ್ಸೆ ಯಾವ ಬೆಲೆಗೂ ಸಿಗಲ್ಲ. ಮಾರುಕಟ್ಟೆಯಲ್ಲೇ ಇಲ್ಲದ್ದನ್ನ ಕೊಳ್ಳೋಕೆ ಮನೆ ಮಾರಿದರೆ, ಆ ಮಗುವಿಗೆ ತಾನು ಆಡಿದ ಅಂಗಳ, ಮಲಗೋ ಮೂಲೆ ಇಲ್ಲದ ಹಾಗಾಗುತ್ತೆ. ರೇಡಿಯೇಶನ್ ನಂತರ ಸಿಗುವ ಒಳ್ಳೆಯ ತಿಂಗಳುಗಳಲ್ಲಿ ಅಪ್ಪ ದುಡ್ಡಿಗೆ ಓಡಾಡೋದಕ್ಕಿಂತ ಅವನ ಪಕ್ಕದಲ್ಲಿರಲಿ ಅಂತ ನಾನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ "ಅವನಿಗೆ ಸೈಕಲ್ ಬೇಕಂತೆ, ಅದನ್ನಾದರೂ ಕೊಡಿಸ್ತೀವಿ" ಅಂತ ಒಂದು ಮೆಸೇಜ್ ಬಂತು.

ಕೇಳುಗರಾದ ನಾವೇನು ಮಾಡಬಹುದು? ಒಬ್ಬ ಮಗುವಿನ ಕ್ರೌಡ್ ಫಂಡಿಂಗ್ ಲಿಂಕ್ ಬಂದಾಗ ಕೊಡ್ತೀವಿ, ಒಳ್ಳೇದು. ಅದರ ಜೊತೆಗೆ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಸರ್ಕಾರ ಎಷ್ಟು ಇಡ್ತಿದೆ ಅಂತ ಕೇಳೋ ಅಭ್ಯಾಸವೂ ಬರಲಿ. ಸೆಪ್ಟೆಂಬರ್ ಮಕ್ಕಳ ಕ್ಯಾನ್ಸರ್ ಜಾಗೃತಿ ತಿಂಗಳು, ಬಂಗಾರದ ಬಣ್ಣದ ರಿಬ್ಬನ್. ಸ್ಟೇಟಸ್ ಹಾಕೋರು ಜೊತೆಗೆ ಈ ಪ್ರಶ್ನೆನೂ ಹಾಕಿ. ವಾಟ್ಸ್ಆ್ಯಪ್‌ನಲ್ಲಿ 'ಈ ಎಲೆ ರಸ ಕುಡಿದರೆ ಮಿದುಳು ಗಡ್ಡೆ ಕರಗುತ್ತೆ' ಅಂತ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನ ಓದಿ ಯಾರೋ ಒಬ್ಬರು ರೇಡಿಯೇಶನ್ ತಪ್ಪಿಸಬಹುದು.

ಇವತ್ತಿಗೆ ಇಷ್ಟು. ಈ ಕಾಯಿಲೆ ಬಗ್ಗೆ ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ. ಮಕ್ಕಳ ಕ್ಯಾನ್ಸರ್ ಡಾಕ್ಟರ್ ಒಬ್ಬರನ್ನ ಕೂರಿಸಿಕೊಂಡು ಅವುಗಳಿಗೆ ಉತ್ತರ ಕೊಡಿಸೋ ಪ್ರಯತ್ನ ಮಾಡ್ತೀನಿ. ಮುಂದಿನ ವಾರ ಸಿಗೋಣ.